ಪ್ಲಾಟ್‌ಫಾರ್ಮಿನ ಮೇಲೆ ಹರವಿದ ಭತ್ತ

ಪೆಟ್ಟಿಗೆಯ ತಳದಿಂದ ಮಂಗನ ಟೋಪಿ ಹೊರಗೆ ಬಂತೆಂದರೆ ನಮ್ಮ ಮನೆಯಲ್ಲಿ ಚಳಿಗಾಲ ಶುರುವಾಯಿತೆಂದೇ ಅರ್ಥ. ಅದು ನನ್ನ ಮಾವನವರದು. ಕಂದು ಬಣ್ಣದ ಉಣ್ಣೆ. ಗದ್ದದ ಕೆಳಗೆ ಗುಂಡಿ ಇದ್ದ ಜಾಗದಲ್ಲಿ ಈಗ ಒಂದು ಪಿನ್ನು. ಐವತ್ತೆರಡು ವರ್ಷದ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಹೆಂಗಸೊಬ್ಬಳು ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಗಂಡನ ಜಾಕೆಟ್ಟು, ತಲೆಗೆ ಈ ಟೋಪಿ ಏರಿಸಿ, ಕೊರಳಿಗೆ ಕ್ಯಾಮರಾ ನೇತುಹಾಕಿಕೊಂಡು ಬೆಳಗಿನ ಆರಕ್ಕೆ ಸಿಂಧನೂರಿನ ಓಣಿಯಲ್ಲಿ ಹೊರಟರೆ ನಾಯಿಗಳು ಸುಮ್ಮನಿರುತ್ತವೆಯೇ? ನಾಯಿಗಳ ಮಾತು ಹಾಗಿರಲಿ, ಕೌದಿಯೊಳಗಿಂದ ನನ್ನ ಗಂಡನೂ ಸುಮ್ಮನಿರುವುದಿಲ್ಲ.

"ಯಾವ ಬ್ಯಾಂಕಿಗೆ ಕನ್ನ ಹಾಕಾಕ ಹೊಂಟೀ?"

"ರೈಲಿಗೆ ಹೊಂಟೀನ್ರೀ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ರೈಲು ನೋಡಾಕ."

ಆಮೇಲೆ ಕೌದಿಯೊಳಗಿಂದ ಬರೀ ನಿಟ್ಟುಸಿರು ಕೇಳುತ್ತದೆ. ಮೂವತ್ತು ವರ್ಷದಿಂದ ಪಂಪ್‌ಸೆಟ್ ರಿಪೇರಿ ಅಂಗಡಿ ನಡೆಸುತ್ತಿರುವ ಮನುಷ್ಯ ಅವರು. ಕೆಟ್ಟುಹೋದ ಮೋಟರನ್ನು ಹೇಗೆ ನೋಡುತ್ತಾರೋ ಹಾಗೇ ನನ್ನನ್ನೂ ನೋಡುತ್ತಾರೆ, ಸರಿಹೋದರೂ ಹೋದೀತು ಎಂಬ ಆಸೆಯಿಂದ.

ರೈಲಿನ ಊರುಗಳಲ್ಲಿ ಹುಟ್ಟಿದವರಿಗೆ ನನ್ನ ಈ ಹುಚ್ಚು ತಿಳಿಯುವುದು ಕಷ್ಟ. ನಾನು ಬೆಳೆದದ್ದು ಮುದಗಲ್ಲಿನಲ್ಲಿ. ಕೋಟೆ ಇತ್ತು, ಕಂದಕ ಇತ್ತು, ತೋಪುಗಳಿದ್ದವು, ರೈಲು ಇರಲಿಲ್ಲ. ಲಿಂಗಸುಗೂರಿನಲ್ಲಿ ಇರಲಿಲ್ಲ, ಮಸ್ಕಿಯಲ್ಲಿ ಇರಲಿಲ್ಲ, ಅಲ್ಲಿ ಈಗಲೂ ಇಲ್ಲ. ಹೊಲಿಗೆ ಅಂಗಡಿ ಇಟ್ಟಿದ್ದ ನಮ್ಮಪ್ಪ ವರ್ಷಕ್ಕೊಮ್ಮೆ, ಎಳ್ಳಮಾವಾಸ್ಯೆ ಮುಗಿದ ಮೇಲೆ ನಮ್ಮನ್ನೆಲ್ಲ ಬಸ್ಸಿನಲ್ಲಿ ರಾಯಚೂರಿಗೆ ಕರೆದುಕೊಂಡು ಹೋಗುತ್ತಿದ್ದ. ಹೋಗುತ್ತಿದ್ದದ್ದು ಸ್ಟೇಷನ್ನಿಗೆ. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆಸಿ ಒಂದು ಬೆಂಚಿನ ಮೇಲೆ ಸಾಲಾಗಿ ಕೂರಿಸುತ್ತಿದ್ದ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ತಿನ್ನುತ್ತ ಸಂಜೆಯವರೆಗೆ ರೈಲು ನೋಡಿ ಮತ್ತೆ ಬಸ್ಸು ಹತ್ತಿ ಮುದಗಲ್ಲಿಗೆ ಬರುತ್ತಿದ್ದೆವು. ರೈಲು ಹತ್ತಬಹುದು ಎಂಬ ವಿಚಾರವೇ ನಮಗೆ ಹೊಳೆದಿರಲಿಲ್ಲ. ನೀವು ನಗಬಹುದು, ನಗಿ.

ನಮ್ಮವ್ವನದು ಇನ್ನೂ ಒಂದು ಕೈ ಹೆಚ್ಚು. ದೂರದಲ್ಲಿ ಶಿಳ್ಳೆ ಕೇಳಿದ ಕೂಡಲೇ ರೊಟ್ಟಿ ಕೈಯಲ್ಲಿದ್ದರೂ ನಮ್ಮನ್ನು ಎಬ್ಬಿಸಿ ನಿಲ್ಲಿಸುತ್ತಿದ್ದಳು. "ಏಳ್ರೀ, ಏಳ್ರೀ! ಅಷ್ಟು ದೊಡ್ಡದು ಬರಾಕತ್ತೈತಿ, ನೀವು ಕುಂತೀರಿ? ಮನಿಗೆ ಹಿರೇರು ಬಂದ್ರ ಹಿಂಗ ಕುಂದರ್ತೀರೇನು?" ರೈಲು ಹೋಗಿ ಕಡೆಯ ಡಬ್ಬಿ ಕಣ್ಮರೆಯಾಗುವ ತನಕ ನಿಂತಿರಬೇಕು. ರಾಯಚೂರಿನಲ್ಲಿ ಅರ್ಧ ತಾಸಿಗೊಂದು ಹಿರಿಯರು ಬರುತ್ತಿದ್ದರು. ಎದ್ದು ಕೂತು ಎದ್ದು ಕೂತು ನಮ್ಮ ಮೊಣಕಾಲು ಸೋತುಹೋಗುತ್ತಿದ್ದವು.

ಹೀಗೆ ಬೆಳೆದವಳು ಮುಂದೆ ಮಕ್ಕಳಿಗೆ ರೈಲು ಮಾರ್ಗಗಳ ಪಾಠ ಹೇಳಬೇಕಾಯಿತು. ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ಎರಡು ಗೆರೆ ಎಳೆದು, ಅಡ್ಡಡ್ಡ ಹಲ್ಲು ಬರೆದು, ಇದು ಹಳಿ ಎನ್ನುತ್ತಿದ್ದೆ. ಒಂದು ವರ್ಷ ತುರ್ವಿಹಾಳದಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು, "ಅಕ್ಕೋರ, ಕೈ ಮಾಡಿದ್ರ ನಿಲ್ಲತೈತೇನ್ರೀ?" ನಮ್ಮ ಕಡೆ ಬಸ್ಸು ಕೈ ಮಾಡಿದಲ್ಲಿ ನಿಲ್ಲುತ್ತದೆ. ಹೊಲದ ಬದುವಿನ ಹತ್ತಿರ ನಿಲ್ಲುತ್ತದೆ, ಬೇವಿನ ಗಿಡದ ಕೆಳಗೆ ನಿಲ್ಲುತ್ತದೆ. ಇಲ್ಲವ್ವಾ, ಸ್ಟೇಷನ್ನಿನಾಗ ಮಾತ್ರ ನಿಲ್ಲತೈತಿ ಎಂದೆ. "ಹಂಗಾರ ಸ್ಟೇಷನ್ ಇಲ್ಲದ ಊರೋರು ಏನ್ ಮಾಡ್ಬೇಕ್ರೀ?" ನಾನು ಜಾಣತನ ಮಾಡಿ ಮುಂದಿನ ಪಾಠ ತೆಗೆದೆ.

ಅಂತೂ ಸಿಂಧನೂರಿಗೆ ರೈಲು ಬಂತು. ಬಂದ ಹೊಸದರಲ್ಲಿ ಊರಿಗೆ ಊರೇ ಸ್ಟೇಷನ್ನಿನಲ್ಲಿ. ಬಳಗಾನೂರಿನ ಹಿರಿಯರೊಬ್ಬರು ಬಸ್ಸಿನ ರೂಢಿಯಂತೆ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದು, ಹೆಂಡತಿಯನ್ನು ಕರೆತರಲು ಹೊರಗೆ ಹೋದರು. ಅವರು ಬರುವಷ್ಟರಲ್ಲಿ ರೈಲು ಟವೆಲ್ಲಿನ ಸಮೇತ ಹೊರಟುಹೋಗಿತ್ತು. ಹಿರಿಯರು ಒಂಚೂರೂ ಬೇಜಾರು ಮಾಡಿಕೊಳ್ಳಲಿಲ್ಲ. "ಹೋಗ್ಲಿ ಬಿಡ್ರಿ, ನಮ್ಮ ಮನಿದು ಒಂದರೆ ಹುಬ್ಬಳ್ಳಿ ನೋಡಿ ಬರ್ಲಿ" ಎಂದರು.

ಅದೇ ವರ್ಷ ಲಿಂಗಸುಗೂರಿನ ನನ್ನ ತಮ್ಮ ಹೊಸ ಕ್ಯಾಮರಾ ಕೊಂಡು ಹಳೆಯದನ್ನು ನನಗೆ ದಾಟಿಸಿದ. ನನಗೆ ತೆಗೆಯಬೇಕೆನಿಸಿದ್ದು ಒಂದೇ: ಚಳಿಗಾಲದ ಮುಂಜಾನೆ, ಕಾಲುವೆ ಸೀಮೆಯ ಗದ್ದೆಗಳ ಮೇಲೆ ಕೂತ ಮಂಜು, ಅದರೊಳಗಿಂದ ದೀಪ ಹಚ್ಚಿಕೊಂಡು ಬರುವ ರೈಲು. ಹೇಳಲು ಚೆಂದ. ತೆಗೆದರೆ ಬರೀ ಬಿಳಿ. ಮೊದಲ ಚಳಿಗಾಲವಿಡೀ ನಾನು ಬಿಳಿ ತೆಗೆದೆ. ಒಂದು ಫೋಟೋ ಗಂಡನಿಗೆ ತೋರಿಸಿದೆ.

"ರೈಲು ಎಲ್ಲೈತಿ ಇದರಾಗ?"

"ಮಂಜಿನ ಹಿಂದ ಐತಿ."

"ಹಂಗಾರ ನಮ್ಮ ಮನಿ ಗ್ವಾಡಿ ಫೋಟೋ ತೆಗಿ. ರಾಯಚೂರು ಕೋಟಿ ಅದರ ಹಿಂದ ಐತಿ ಅಂತ ಹೇಳು."

ಎರಡನೆಯ ಚಳಿಗಾಲಕ್ಕೆ ಕೈ ಸ್ವಲ್ಪ ಕುದುರಿತು. ಸಿಂಧನೂರಿನ ಸ್ಟೇಷನ್ನಿನ ಸುತ್ತ ಬರೀ ಕಂಬ, ಕಾಂಪೌಂಡು. ನನಗೆ ಗದ್ದೆ ಬೇಕಿತ್ತು. ನಮ್ಮ ಓಣಿಯ ಖಾಜಾ ಭಾಯ್ ಟಂಟಂ ಆಟೋ ಓಡಿಸುತ್ತಾರೆ. ಅವರೇ ಸ್ಕೂಲಿಗೆ ರಜೆಯಿದ್ದ ಒಂದು ಶನಿವಾರ ಹೇಳಿದರು, "ಅಕ್ಕೋರ, ಕಾರಟಗಿ ಕಡಿಗೆ ಒಂದು ಸಣ್ಣ ಸ್ಟೇಷನ್ ಐತಿ. ಸುತ್ತೂ ಗದ್ದಿ, ಕ್ಯಾ ಸೀನ್ ಹೈ! ನಡೀರಿ ತೋರಸ್ತೀನಿ." ಡಿಸೆಂಬರ್ ತಿಂಗಳು. ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂದು ಹೋಗಿ ನಾಲ್ಕು ದಿನವಾಗಿತ್ತು. ದಾರಿಯುದ್ದಕ್ಕೂ ಡಾಂಬರು ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು. ಉಳಿದರ್ಧದಲ್ಲಿ ಟಂಟಂ ಹೋಗುತ್ತಿತ್ತು.

ಸ್ಟೇಷನ್ ಎಂದರೆ ಒಂದು ಕೋಣೆ, ಎರಡು ಬೆಂಚು, ಒಂದು ಉದ್ದ ಪ್ಲಾಟ್‌ಫಾರ್ಮು. ಟಿಕೆಟ್ ಕೊಡಲು ಅಲ್ಲಿಯದೇ ಊರಿನ ಶರಣಪ್ಪ. ಆ ಪ್ಲಾಟ್‌ಫಾರ್ಮು ನೋಡಿ ನಾನು ಬೆರಗಾಗಿ ನಿಂತುಬಿಟ್ಟೆ. ಅರ್ಧಕ್ಕರ್ಧ ಬಂಗಾರದ ಬಣ್ಣದ ಭತ್ತ. ಬೆಂಚಿನಿಂದ ಗಾಡಿ ಹತ್ತುವ ಜಾಗದವರೆಗೆ ಒಬ್ಬೊಬ್ಬರು ನಡೆಯುವಷ್ಟು ದಾರಿ ಬಿಟ್ಟು, ಉಳಿದದ್ದೆಲ್ಲ ಅಂಚು ತಪ್ಪದಂತೆ ಒಂದೇ ಸಮ ಹರವಿತ್ತು. ನಡುವೆ ನನ್ನ ವಾರಿಗೆಯ ಹೆಂಗಸೊಬ್ಬಳು ಬರಿಗಾಲಲ್ಲಿ ಕಾಲೆಳೆದು ನಡೆಯುತ್ತ ಕಾಳು ತಿರುವಿ ಹಾಕುತ್ತಿದ್ದಳು. ಅವಳೇ ಅಂಬಮ್ಮ. ಅರ್ಧ ಎಕರೆ ಗದ್ದೆಯ ಒಡತಿ. ಹನ್ನೆರಡು ಚೀಲ ಭತ್ತ, ಮಾರುವುದಕ್ಕಲ್ಲ, ಮನೆಯ ವರ್ಷದ ಊಟಕ್ಕೆ. ಎಲ್ಲ ಮಳೆಯಲ್ಲಿ ನೆಂದಿತ್ತು.

"ರೋಡಿನ ಮ್ಯಾಲ ಹಾಕ್ಬೌದಿತ್ತಲ್ಲ?" ಎಂದೆ.

"ರೋಡಿನ್ಯಾಗ ಗಾಡಿ ಕಾಳ ಮ್ಯಾಲ ಹೋಕ್ಕಾವ್ರೀ ಅಕ್ಕೋರ, ಅರ್ಧ ನುಚ್ಚಾಕ್ಕತಿ. ಈ ಗಾಡಿ ನೋಡ್ರಿ, ಎಷ್ಟು ಶಾಣ್ಯಾ ಐತಿ! ತನ್ನ ಹಳಿ ಬಿಟ್ಟು ಒಂದು ಬೆರಳು ಈ ಕಡಿ ಬರಂಗಿಲ್ಲ."

ಶರಣಪ್ಪ ಕೋಣೆಯೊಳಗಿಂದ ಇಣುಕಿ, "ನಾ ಏನೂ ನೋಡಿಲ್ರೀ" ಎಂದು ಮತ್ತೆ ಒಳಗೆ ಹೋದ. ಅಂಬಮ್ಮ ನನಗೂ ಖಾಜಾ ಭಾಯ್‌ಗೂ ಸ್ಟೀಲಿನ ಲೋಟದಲ್ಲಿ ಛಾ ಕೊಟ್ಟಳು. ಅಷ್ಟರಲ್ಲಿ ಸಿಂಧನೂರಿನ ಕಡೆಗೆ ಹೋಗುವ ಎಂಟರ ಗಾಡಿ ಬಂತು. ಮಂಜಿನೊಳಗೆ ಮೊದಲು ಬೆಳಕು, ಆಮೇಲೆ ಮುಖ, ಕೆಳಗೆ ಅಷ್ಟುದ್ದ ಬಂಗಾರದ ಹಾಸು. ಒತ್ತಿದೆ. ಎರಡು ಚಳಿಗಾಲದ ನಂತರ ನನ್ನ ಕೈಗೆ ಒಂದು ಫೋಟೋ ಸಿಕ್ಕಿತ್ತು.

ಮನೆಗೆ ಬಂದು ಅದನ್ನು ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿದೆ, ಸ್ಟೇಷನ್ನಿನ ಹೆಸರಿನ ಸಮೇತ. ಮಧ್ಯಾಹ್ನಕ್ಕೆ ಅದು ಲಿಂಗಸುಗೂರು ತಲುಪಿತ್ತು, ಸಂಜೆಗೆ ಎಲ್ಲೆಲ್ಲಿಗೋ. ಹೊಗಳಿಕೆಯೋ ಹೊಗಳಿಕೆ. ಆ ದಿನ ಒಂದು ರೊಟ್ಟಿ ಜಾಸ್ತಿ ತಿಂದೆ. ಗಂಡ ಕೂಡ ಕನ್ನಡಕ ಹಾಕಿಕೊಂಡು ನೋಡಿ, "ಇದರಾಗ ರೈಲು ಕಾಣಾಕತ್ತೈತಿ" ಎಂದರು. ಯಾರೋ ಒಬ್ಬರು ಅದರ ಕೆಳಗೆ, 'ನೋಡಿ ನಮ್ಮವರ ಬುದ್ಧಿ, ರೈಲು ಕೊಟ್ಟರೆ ಕಣ ಮಾಡಿಕೊಂಡರು' ಎಂದು ಬರೆದು ಮುಂದೆ ತಳ್ಳಿದ್ದರು. ನಾನು ಅದನ್ನು ಓದಿ ನಕ್ಕೆ. ಹೌದು, ನಕ್ಕೆ. ಸುಳ್ಳು ಹೇಳಿ ಏನು ಮಾಡಲಿ.

ಮರುದಿನ ಭಾನುವಾರ. ಬೆಳಗಿನ ಆರಕ್ಕೆ ಶರಣಪ್ಪನ ಫೋನು. ಫೋಟೋದ ಪ್ರತಿ ಬೇಕೆಂದು ನನ್ನ ನಂಬರು ಇಸಿದುಕೊಂಡಿದ್ದ. "ಅಕ್ಕೋರ, ನಿಮ್ಮ ಫೋಟೋ ಮ್ಯಾಗಿನವರ ತನಕ ಹೋಗೇತಂತ. ಎಂಟರ ಗಾಡಿಗೆ ಸಾಹೇಬ್ರು ಬರಾಕತ್ಯಾರ. ಒಂದು ಕಾಳು ಕಂಡ್ರೂ ನನ್ನ ಚೀಟಿ ಹರಿತೈತಿ. ಅಂಬಮ್ಮಗ ಎತ್ತು ಅಂದೀನಿ, ಒಬ್ಬಾಕಿ ಅದಾಳ."

ಆ ದಿನ ನಾನು ಜಾಕೆಟ್ಟೂ ಹಾಕಿಕೊಳ್ಳದೆ ಹೊರಟೆ. ಖಾಜಾ ಭಾಯ್ ದಾರಿಯಲ್ಲಿ ಒಂದೇ ಮಾತು ಆಡಿದರು, "ನಾನ ನಿಮಗ ತೋರ್ಸಿದ್ದು ಅಕ್ಕೋರ, ತಪ್ಪಿನ್ಯಾಗ ನಂದೂ ಅರ್ಧ ಐತಿ." ಅದರಿಂದ ನನಗೆ ಇನ್ನೂ ಸಂಕಟವಾಯಿತು.

ಮಂಜು ಎಂದಿಗಿಂತ ದಟ್ಟವಾಗಿತ್ತು. ಅಂಬಮ್ಮ ಮೊಣಕಾಲೂರಿ ಕಾಳು ಬಳಿದು ಗುಡ್ಡೆ ಮಾಡುತ್ತಿದ್ದಳು. ನನ್ನ ಚಪ್ಪಲಿ ನೋಡಿಯೇ ಯಾರೆಂದು ಅವಳಿಗೆ ಗೊತ್ತಾಯಿತು, ಮುಖ ಎತ್ತಲಿಲ್ಲ.

"ಬಂದ್ರೇನು? ಇನ್ನೊಂದು ಫೋಟೋ ಬೇಕಾಗಿತ್ತೇನ್ರೀ?"

"ಅಂಬಮ್ಮಾ..."

"ನಿನ್ನಿ ನಿಮಗ ಛಾ ಕೊಟ್ಟೆ. ಊರಿಗೆಲ್ಲ ತೋರಸ್ತೀನಿ ಅಂತ ಒಂದು ಮಾತು ನನ್ನ ಕೇಳಬಾರದಾಗಿತ್ತೇನ್ರೀ? ಈಗ ಇದನ್ನ ಎಲ್ಲಿ ಒಯ್ಲಿ? ಮನಿ ಮುಂದೆಲ್ಲ ರಾಡಿ. ಇನ್ನೂ ಹಸಿ ಐತಿ, ಎರಡು ದಿನ ಚೀಲದಾಗ ಇಟ್ರ ಮೊಳಕಿ ಬರ್ತಾವ. ವರ್ಷದ ಕೂಳ್ರೀ ಇದು."

ಇನ್ನೊಬ್ಬರ ಪೆನ್ಸಿಲ್ ಮುಟ್ಟುವ ಮೊದಲು ಕೇಳಬೇಕು ಎಂದು ಕ್ಲಾಸಿನಲ್ಲಿ ದಿನಾ ಹೇಳುವ ಬಾಯಿ ನನ್ನದು. ಕ್ಯಾಮರಾ ಬೆನ್ನಿನ ಕಡೆಗೆ ತಳ್ಳಿ ಅವಳ ಎದುರಿಗೆ ಕೂತು ಎರಡೂ ಕೈಯಿಂದ ಬಳಿಯತೊಡಗಿದೆ. ಗಾಡಿ ಬರಲು ಮುಕ್ಕಾಲು ತಾಸು ಇತ್ತು. ಎದುರಿಗೆ ಇನ್ನೂ ಎಂಟು ಚೀಲದಷ್ಟು ಕಾಳು ಬಿದ್ದಿತ್ತು. ಖಾಜಾ ಭಾಯ್ ಚೀಲದ ಬಾಯಿ ಹಿಡಿದು ನಿಂತರು.

ಗಾಡಿಗೆ ಬಂದವರು ಹದಿನೈದಿಪ್ಪತ್ತು ಜನ ಬೆಂಚಿನ ಹತ್ತಿರ ನಿಂತು ನೋಡುತ್ತಿದ್ದರು. ಅವರಲ್ಲಿ ಗಂಜಿ ಹಾಕಿದ ಬಿಳಿ ಅಂಗಿಯವರೊಬ್ಬರು, ಮಗಳ ಮದುವೆಯ ಲಗ್ನಪತ್ರಿಕೆ ಹಂಚಲು ಹೊರಟವರು, ನನ್ನನ್ನು ಬಹಳ ಹೊತ್ತು ನೋಡಿ ತಡೆಯಲಾಗದೆ ಹತ್ತಿರ ಬಂದರು. "ಸರೀರಿ ಅಕ್ಕೋರ. ಸೀಮೆಸುಣ್ಣ ಆರಿಸಾಕತ್ತೀರೇನು? ಹಿಂಗ ಬಳೀಬೇಕು." ಪತ್ರಿಕೆ ತುಂಬಿದ್ದ ರಟ್ಟಿನ ಡಬ್ಬಿಯ ಮುಚ್ಚಳ ಕಿತ್ತು, ಅದನ್ನೇ ಹಲಗೆ ಮಾಡಿಕೊಂಡು, ಬಗ್ಗಿ ಒಂದೇ ಎಳೆತಕ್ಕೆ ನನ್ನ ಹತ್ತು ಬೊಗಸೆಯಷ್ಟು ಕಾಳು ಎಳೆದರು. ಅಷ್ಟೇ ಸಾಕಾಯಿತು. ಯಾರೂ ಯಾರನ್ನೂ ಕರೆಯಲಿಲ್ಲ. ಕಾಲೇಜು ವಯಸ್ಸಿನ ಹುಡುಗಿಯರು ಓಢಣಿ ಸೊಂಟಕ್ಕೆ ಬಿಗಿದರು. ದವಾಖಾನೆಗೆ ಹೊರಟಿದ್ದ ಮುದುಕಿಯೊಬ್ಬಳು, ಏಳಲಾರೆ ಎನ್ನುತ್ತಲೇ, ಕೂತಲ್ಲಿಂದಲೇ ಚೀಲದ ಬಾಯಿ ಹೊಲಿದು ಹೊಲಿದು ಕೊಟ್ಟಳು. ಭತ್ತದ ಸೀಮೆಯ ಜನ, ಅವರಿಗೆ ಈ ಕೆಲಸ ಹೇಳಿಕೊಡಬೇಕೇ? ಶರಣಪ್ಪ ಈ ಸಲ ಏನೂ ನೋಡಿಲ್ಲ ಎನ್ನಲಿಲ್ಲ, ಕಸಬರಿಗೆ ಹಿಡಿದು ಬಂದ.

ದೂರದಲ್ಲಿ ಶಿಳ್ಳೆ ಕೇಳಿದಾಗ ಹನ್ನೆರಡನೆಯ ಚೀಲ ಗೇಟಿನಾಚೆ ಟಂಟಂ ಹತ್ತಿರಕ್ಕೆ ಹೋಗುತ್ತಿತ್ತು. ಆಗ ಅಂಬಮ್ಮನಿಗೆ ಹೇಳಿದೆ, "ನಮ್ಮ ಮನಿ ಮಾಳಿಗಿ ಮ್ಯಾಲ ಹಾಕೋಣ. ಸಿಂಧನೂರಿನ್ಯಾಗ. ದೊಡ್ಡದೈತಿ, ಬಿಸಿಲು ಚಲೋ ಬೀಳತೈತಿ."

ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ನಿಮ್ಮ ಮನ್ಯಾಗ ಬೈಯಂಗಿಲ್ಲೇನ್ರೀ?"

"ಬೈತಾರ. ನಾ ಬೈಸ್ಕೋತೀನಿ."

ಗಾಡಿಯಿಂದ ಇಳಿದ ಅಧಿಕಾರಿಯ ಬಗ್ಗೆ ನನಗೆ ಕೋಪ ಮಾಡಿಕೊಳ್ಳಬೇಕೆಂದು ಬಹಳ ಆಸೆಯಿತ್ತು. ಆತ ಅದಕ್ಕೆ ಅವಕಾಶ ಕೊಡಲಿಲ್ಲ. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದು, ಮೂಲೆಯಲ್ಲಿ ಸಿಕ್ಕ ನಾಲ್ಕು ಕಾಳು ಆರಿಸಿ ಅಂಗೈಯಲ್ಲಿಟ್ಟುಕೊಂಡು, ಶರಣಪ್ಪನಿಗೆ ಮೆಲ್ಲಗೆ ಹೇಳಿದ, "ನಮ್ಮೂರಾಗೂ ಒಣಗಸ್ತಾರಪ್ಪಾ. ಆದ್ರ ಕಾಳಿನ ಮ್ಯಾಲ ಕಾಲು ಜಾರಿ ಯಾರರೆ ಗಾಡಿ ಕೆಳಗ ಹೋದ್ರ ಯಾರು ತಂದು ಕೊಡ್ತಾರ? ಇನ್ನ ಮ್ಯಾಲ ಇಲ್ಲಿ ಬ್ಯಾಡ." ಅದು ನಿಜವೇ. ಬಂಗಾರದ ಹಾಸು ಎಂದು ಕುಣಿದ ನನಗೆ ಅದು ಹೊಳೆದಿರಲಿಲ್ಲ, ಹಳಿಯನ್ನು ಅಷ್ಟು ನಂಬಿದ ಅಂಬಮ್ಮನಿಗೂ ಹೊಳೆದಿರಲಿಲ್ಲ.

ಖಾಜಾ ಭಾಯ್ ಎರಡು ಟ್ರಿಪ್ಪು ಹೊಡೆದರು. ನನ್ನ ಗಂಡನ ವಿಷಯ ಹೇಳಬೇಕು. ಆ ದೀಪಾವಳಿಗೆ ತಾನೇ ಮಾಳಿಗೆಗೆ ಬಿಳಿ ಬಣ್ಣ ಹೊಡೆಸಿ, ಒಂದು ತಟ್ಟೆ ಸಂಡಿಗೆ ಒಣಗಲಿಕ್ಕೂ ಮೇಲೆ ಬಿಡುತ್ತಿರಲಿಲ್ಲ. ಮೆಟ್ಟಿಲ ಬಾಯಲ್ಲಿ ನಿಂತು ಚೀಲ ಎಣಿಸಿದರು.

"ಏನಿದು?"

"ನಿನ್ನಿ ತೆಗೆದ ಫೋಟೋರೀ."

"ಫೋಟೋ ಹನ್ನೆರಡು ಚೀಲ ಆಗೇತೇನು?"

ನಡೆದದ್ದನ್ನೆಲ್ಲ ಹೇಳಿದೆ. ಬೈದರು. ಮಾತು ಕೊಟ್ಟ ಹಾಗೆ ಬೈಸಿಕೊಂಡೆ. ಬೈಯುತ್ತಲೇ ಅವರು ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ನಾವು ಹರವಿದ ಭತ್ತದಲ್ಲಿ ಇಳಿದು ಕಾಲಾಡಿಸತೊಡಗಿದರು. ಮಸ್ಕಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಕಾಲುಗಳು, ನೇಗಿಲ ಸಾಲಿನಂತೆ ನೆಟ್ಟಗೆ ಗೆರೆ ಬಿದ್ದವು. ಮಾರನೆಯ ದಿನ ಸ್ಕೂಲಿನಿಂದ ಬಂದು ನೋಡಿದರೆ ಅಂಗಡಿಗೇ ಹೋಗಿಲ್ಲ, ಪಾರಿವಾಳ ಓಡಿಸುತ್ತ ಕೂತಿದ್ದಾರೆ. ಇಳಿಹೊತ್ತಿಗೆ ಇಬ್ಬನಿ ಬೀಳುವ ಮೊದಲೇ ತಾಡಪತ್ರಿ ಹೊದಿಸಿ ನಾಲ್ಕೂ ಮೂಲೆಗೆ ಹಳೆಯ ಮೋಟರುಗಳನ್ನು ಹೇರಿಟ್ಟರು.

ಅಂಬಮ್ಮ ದಿನಾ ಎಂಟರ ಗಾಡಿಗೆ ಬಂದು ಸಂಜೆಯ ಗಾಡಿಗೆ ಹೋಗುತ್ತಿದ್ದಳು. ಅವಳು ರೈಲು ಹತ್ತಿದ್ದು ಅದೇ ಮೊದಲು. "ಮಗ್ಗಲಾಗ ನಿಂತು ದಿನಾ ನೋಡೀನ್ರೀ, ಒಳಗ ಹೆಂಗೈತಿ ಅಂತ ಈಗ ಗೊತ್ತಾತು. ಬಸ್ಸಿನಂಗ ಕುಲುಕಂಗಿಲ್ಲ. ಕಣ್ಣು ಮುಚ್ಚಿದೆ, ಸಿಂಧನೂರು ಬಂದ್ಬಿಡ್ತು" ಎಂದಳು. ನನ್ನೊಡನೆ ಮಾತು ಕಡಿಮೆಯೇ. ನನ್ನ ಗಂಡನೊಡನೆ ಮಾತ್ರ ಕಾಳಿನ ಬಗ್ಗೆ, ಬಿಸಿಲಿನ ಬಗ್ಗೆ ಧಾರಾಳವಾಗಿ ಆಡುತ್ತಿದ್ದಳು. ನಾನು ಛಾ ಮಾಡಿ ತಂದಿಡುತ್ತಿದ್ದೆ.

ಮೂರನೆಯ ದಿನ ನಾನು ಅರ್ಧ ದಿನ ರಜೆ ಹಾಕಿದ್ದೆ. ಮಧ್ಯಾಹ್ನ ಅವಳು ರಾಶಿಯ ತಳಕ್ಕೆ ಕೈ ಹಾಕಿ ಒಂದು ಕಾಳು ತೆಗೆದು ಹಲ್ಲಿನ ನಡುವೆ ಇಟ್ಟಳು. ನಾನೂ ನನ್ನ ಗಂಡನೂ ಬಗ್ಗಿ ಅವಳ ಬಾಯಿಯನ್ನೇ ನೋಡಿದೆವು. ಹಸಿಯಾಗಿದ್ದರೆ ಮೆತ್ತಗೆ ಚಪ್ಪಟೆಯಾಗುತ್ತದೆ. 'ಕಟ್' ಎಂದು ಸದ್ದಾಯಿತು. ಇನ್ನೊಂದು ಕಡೆಯದು ತೆಗೆದು ಕಡಿದಳು. ಕಟ್. ಮತ್ತೊಂದನ್ನು ನನ್ನ ಅಂಗೈಗೆ ಹಾಕಿದಳು. "ಕಡೀರಿ ಅಕ್ಕೋರ, ನೀವೂ ಕಡೀರಿ." ಕಡಿದೆ. ಎಂತೆಂಥ ಹಬ್ಬದಡುಗೆ ಉಂಡಿದ್ದೇನೆ, ಆ ಒಂದು ಕಾಳಿನಷ್ಟು ಯಾವುದೂ ರುಚಿಸಿಲ್ಲ.

ಚೀಲಗಳನ್ನು ಖಾಜಾ ಭಾಯ್ ಒಯ್ದರು. ಅಂಬಮ್ಮನನ್ನು ಕಳಿಸಲು ನಾನು ಸ್ಟೇಷನ್ನಿಗೆ ಹೋದೆ. ಅವಳು ಕಿಟಕಿಯ ಪಕ್ಕ ಕೂತಳು. ಕ್ಯಾಮರಾ ರೂಢಿಯಂತೆ ಕೊರಳಲ್ಲಿತ್ತು. ಮೂರು ದಿನದಿಂದ ಅದನ್ನು ಮುಟ್ಟಿರಲಿಲ್ಲ.

"ಅದೇನ್ರೀ ಅದು, ದೃಷ್ಟಿ ತಾಗಬಾರದಂತ ಕಟ್ಟಿಕೊಂಡೀರೇನು?" ಎಂದಳು.

ಧೈರ್ಯ ಮಾಡಿ ಕೇಳಿದೆ, "ಅಂಬಮ್ಮಾ, ನಿನ್ನ ಒಂದು ಫೋಟೋ ತೆಗೀಲೇನು? ಯಾರಿಗೂ ತೋರ್ಸಂಗಿಲ್ಲ."

"ಯಾಕ? ತೋರಸ್ರಿ. ಎಲ್ಲಾರಿಗೂ ತೋರಸ್ರಿ. ಹ್ವಾದ ಸಲ ನನ್ನ ಕಾಳು ಅಷ್ಟ ಊರೆಲ್ಲಾ ತಿರುಗಿ ಬಂದ್ವು. ನಾ ಎಲ್ಲಿದ್ದೆ ಅದರಾಗ?"

ನಿಮಗೆ ಒಂದು ಮಾತು ಹೇಳದೆ ಮುಚ್ಚಿಟ್ಟಿದ್ದೆ. ಆ ದಿನ ಮಂಜಿನೊಳಗಿಂದ ರೈಲು ಬರುವಾಗ ಅಂಬಮ್ಮ ತನ್ನ ಭತ್ತದ ನಡುವೆ ನಿಂತಿದ್ದಳು. ಚಿತ್ರ ಕೆಡುತ್ತದೆಂದು ನಾನೇ ಕೈ ಬೀಸಿ, ಸ್ವಲ್ಪ ಆ ಕಡೆ ಸರಿ ಎಂದಿದ್ದೆ. ಅವಳು ಪಾಪ, ಸರಿದಿದ್ದಳು.

ಗಾಡಿ ಶಿಳ್ಳೆ ಹಾಕಿತು. ನಾನು ಹಿಂದೆ ಸರಿಯಲಿಲ್ಲ, ಕಿಟಕಿಗೆ ಮುಖ ತಾಗುವಷ್ಟು ಹತ್ತಿರ ಹೋದೆ. ಅಂಬಮ್ಮ ಸೆರಗು ಸರಿಮಾಡಿಕೊಂಡು, ಹಲ್ಲು ಕಾಣಬಾರದೆಂದು ತುಟಿ ಬಿಗಿದು, ಕೊನೆಗೆ ತಡೆಯಲಾಗದೆ ನಕ್ಕೇಬಿಟ್ಟಳು. ಆಗ ಒತ್ತಿದೆ.

ಈ ಫೋಟೋವನ್ನೂ ಗಂಡನಿಗೆ ತೋರಿಸಿದೆ. ಇದರಲ್ಲಿ ರೈಲು ಒಂದು ಕಿಟಕಿಯಷ್ಟೇ ಇದೆ, ಮಂಜೂ ಇಲ್ಲ, ಗದ್ದೆಯೂ ಇಲ್ಲ. ಅಂಬಮ್ಮ ಪೂರ್ತಿ ಬಂದಿದ್ದಾಳೆ.